ಆದೇಶದ ‘ಉಲ್ಲೇಖ’ದಿಂದ ಆರಂಭವಾದ ಮೇಲ್ಮನವಿ: ನನ್ನ ಅನುಭವ

ಧಾರವಾಡದಲ್ಲಿ ವಕೀಲಿ ಮಾಡುವ ನನ್ನ ಮೇಜಿನ ಮೇಲೆ ಸಿವಿಲ್ ದಾವೆಗಳಿಗಿಂತ ಸರ್ಕಾರಿ ಕಚೇರಿಗಳ ನೋಟೀಸು, ಹಿಂಬರಹ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಮತ್ತು ಆದೇಶಗಳೇ ಹೆಚ್ಚು. ಪಹಣಿ ತಿದ್ದುಪಡಿಯ ತಕರಾರು ಉಪವಿಭಾಗಾಧಿಕಾರಿಗಳ ಮುಂದೆ, ಅದರ ಪುನರೀಕ್ಷಣೆ ಜಿಲ್ಲಾಧಿಕಾರಿಗಳ ಮುಂದೆ, ಸರ್ಕಾರಿ ನೌಕರರ ಅರ್ಜಿ ಬೆಳಗಾವಿಯ ಆಡಳಿತ ನ್ಯಾಯಮಂಡಳಿ ಪೀಠದಲ್ಲಿ, ಇವೆಲ್ಲ ಮುಗಿದ ಮೇಲೂ ಉಳಿದದ್ದು ಹೈಕೋರ್ಟಿನ ಧಾರವಾಡ ಪೀಠದಲ್ಲಿ. ಈ ಪೀಠವು 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಖಾಯಂ ಆದ ಮೇಲೆ ರಿಟ್ ಅರ್ಜಿ (ಸರ್ಕಾರಿ ಆದೇಶವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ಹಾಕುವುದು ನಮ್ಮ ಭಾಗದ ಜನರಿಗೆ ಸುಲಭವಾಯಿತು. ಆದರೆ ಆ ಅನುಕೂಲದಿಂದಲೇ ಒಂದು ತಪ್ಪು ಅಭ್ಯಾಸವೂ ಬೆಳೆದಿದೆ ಎಂಬುದು ನನ್ನ ಅಭಿಪ್ರಾಯ. ಆದೇಶ ಕೈಸೇರಿದ ಕೂಡಲೇ ಕಕ್ಷಿದಾರರು ‘ಹೈಕೋರ್ಟಿಗೆ ಹಾಕಿಬಿಡಿ’ ಎನ್ನುತ್ತಾರೆ. ಕಡತದಲ್ಲಿ ಏನಿದೆ ಎಂದು ನೋಡುವ ಮೊದಲೇ ನಾವೂ ಒಪ್ಪಿಬಿಡುತ್ತೇವೆ. ವೃತ್ತಿಯ ಆರಂಭದಲ್ಲಿ ನಾನೂ ಹಾಗೆ ಒಂದು ರಿಟ್ ಸಲ್ಲಿಸಿ, ಮೇಲ್ಮನವಿಯಂಥ ಪರ್ಯಾಯ ಪರಿಹಾರವಿದೆ ಎಂಬ ಕಾರಣಕ್ಕೆ ಅದು ಮರಳಿ ಬಂದಾಗ, ಕಕ್ಷಿದಾರರ ಐದು ತಿಂಗಳನ್ನು ಕಳೆದಿದ್ದೆ. ಮುಂದೆ ಹೇಳುವ ಪ್ರಕರಣದಲ್ಲಿ ನಾನು ಬೇರೆ ರೀತಿಯಲ್ಲಿ ನಡೆದುಕೊಂಡದ್ದಕ್ಕೆ ಆ ಐದು ತಿಂಗಳು ಮುಖ್ಯ ಕಾರಣ.

ಒಂದು ತಾಲ್ಲೂಕಿನ ಹಳ್ಳಿಯ ಮಹಿಳಾ ಸ್ವಸಹಾಯ ಸಂಘವೊಂದು ನ್ಯಾಯಬೆಲೆ ಅಂಗಡಿಯನ್ನು ನಡೆಸುತ್ತಿತ್ತು. ತಪಾಸಣೆಯ ದಿನ ಅಂಗಡಿಯಲ್ಲಿ ಏಳು ಚೀಲ ಅಕ್ಕಿ ಕಡಿಮೆ ಕಂಡುಬಂದಿತೆಂದು, ಅಂಗಡಿ ನಡೆಸುವ ಅನುಮತಿಯಾದ ಪ್ರಾಧಿಕಾರಪತ್ರ ರದ್ದಾಯಿತು. ಸಂಘದ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಇನ್ನಿಬ್ಬರು ಸದಸ್ಯೆಯರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಕಾಗದಗಳನ್ನೂ ತಂದಿದ್ದರು. ಮಳೆಗೆ ಅಂಗಡಿಯ ಮಾಡು ಸೋರುತ್ತಿದ್ದುದರಿಂದ ಆ ಏಳು ಚೀಲಗಳನ್ನು ಪಕ್ಕದ ಸಮುದಾಯ ಭವನದ ಕೋಣೆಯಲ್ಲಿ ಇಟ್ಟಿದ್ದೆವೆಂದೂ, ತಪಾಸಣೆಗೆ ಬಂದವರಿಗೆ ಅದನ್ನು ತೋರಿಸಿದ್ದೆವೆಂದೂ ಅವರು ಹೇಳಿದರು. ಅವರ ಮಾತನ್ನು ನಾನು ನಂಬಿದೆ. ಆದರೆ ನನ್ನ ನಂಬಿಕೆಯ ಮೇಲೆ ಯಾವ ಪ್ರಾಧಿಕಾರವೂ ಆದೇಶ ಮಾಡುವುದಿಲ್ಲವಾದ್ದರಿಂದ, ಅವರು ತಂದ ಆದೇಶವನ್ನು ಓದಲು ಕುಳಿತೆ.

ನಮ್ಮ ಕಚೇರಿಗಳ ಕನ್ನಡ ಆದೇಶಗಳಿಗೆ ಒಂದು ಸ್ಥಿರವಾದ ಚೌಕಟ್ಟಿದೆ: ಮೊದಲು ವಿಷಯ, ನಂತರ ಉಲ್ಲೇಖ, ಆಮೇಲೆ ಪ್ರಸ್ತಾವನೆ, ಕೊನೆಗೆ ಆದೇಶ. ಹೆಚ್ಚಿನವರು ಕೊನೆಯ ನಾಲ್ಕು ಸಾಲನ್ನು ಮಾತ್ರ ಓದುತ್ತಾರೆ. ನಾನು ಉಲ್ಲೇಖದಿಂದ ಆರಂಭಿಸುತ್ತೇನೆ, ಏಕೆಂದರೆ ಅಧಿಕಾರಿಯ ಮುಂದೆ ಯಾವ ಯಾವ ಕಾಗದಗಳಿದ್ದವು ಎಂಬುದನ್ನು ಕಚೇರಿಯೇ ತನ್ನ ಕೈಯಾರೆ ಬರೆದುಕೊಡುವ ಜಾಗ ಅದೊಂದೇ. ಈ ಆದೇಶದಲ್ಲಿ ಮೂರು ಉಲ್ಲೇಖಗಳಿದ್ದವು: ಆಹಾರ ನಿರೀಕ್ಷಕರ ವರದಿ, ತಹಶೀಲ್ದಾರರ ವರದಿ ಮತ್ತು ಕಚೇರಿಯ ಕಾರಣ ಕೇಳುವ ನೋಟೀಸು. ಸಂಘವು ಕೊಟ್ಟಿದ್ದ ಉತ್ತರ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಪ್ರಸ್ತಾವನೆಯ ಕೊನೆಯ ಸಾಲು ಹೀಗಿತ್ತು: ‘ಸದರಿಯವರು ನೀಡಿರುವ ಸಮಜಾಯಿಷಿಯು ಸಮಂಜಸವಾಗಿಲ್ಲದಿರುವುದರಿಂದ.’ ಉಲ್ಲೇಖದಲ್ಲೇ ಇಲ್ಲದ ಸಮಜಾಯಿಷಿಯನ್ನು ಓದಿ, ತೂಗಿ, ಸಮಂಜಸವಲ್ಲವೆಂದು ತೀರ್ಮಾನಿಸಿದ್ದು ಯಾವಾಗ? ಇನ್ನು ಆ ಎರಡು ವರದಿಗಳನ್ನು ಸಂಘಕ್ಕೆ ಯಾರೂ ಕೊಟ್ಟಿರಲಿಲ್ಲ. ಒಬ್ಬರ ವಿರುದ್ಧ ಬಳಸುವ ವರದಿಯನ್ನು ಅವರಿಗೆ ತೋರಿಸದೆ ಉತ್ತರ ಕೇಳುವುದು, ಕಾಣದ ಆರೋಪಕ್ಕೆ ಉತ್ತರ ಕೊಡಿ ಎಂದಂತೆ.

ಪ್ಲಾಸ್ಟಿಕ್ ಚೀಲದಲ್ಲಿ ಎರಡು ಅಮೂಲ್ಯ ವಸ್ತುಗಳಿದ್ದವು. ಒಂದು, ಟಪಾಲು ಶಾಖೆಯ ದುಂಡು ಮೊಹರು ಮತ್ತು ದಿನಾಂಕ ಬಿದ್ದಿದ್ದ ಉತ್ತರದ ಎರಡನೆಯ ಪ್ರತಿ. ಇನ್ನೊಂದು, ನೋಟೀಸು ಬಂದಿದ್ದ ಅಂಚೆ ಲಕೋಟೆ. ಲಕೋಟೆಯನ್ನು ಎಸೆಯದೆ ಇಟ್ಟಿದ್ದ ಕಾರ್ಯದರ್ಶಿಗೆ ನಾನು ಅಲ್ಲೇ ಕೃತಜ್ಞತೆ ಹೇಳಿದೆ. ನೋಟೀಸಿನ ದಿನಾಂಕ ತಿಂಗಳ 3. ಲಕೋಟೆಯ ಮೇಲಿನ ಅಂಚೆ ಮುದ್ರೆಯಂತೆ ಅದು ಹಳ್ಳಿಗೆ ತಲುಪಿದ್ದು 6ರಂದು. ನೋಟೀಸು ತಲುಪಿದ ಏಳು ದಿನಗಳೊಳಗೆ ಉತ್ತರಿಸಬೇಕೆಂದು ಅದರಲ್ಲೇ ಇತ್ತು. ಸಂಘ ಉತ್ತರ ಸಲ್ಲಿಸಿದ್ದು 12ರಂದು. ಆದೇಶದ ದಿನಾಂಕ 14.

ಮೇಲ್ಮನವಿಯ ಅವಧಿ ಓಡುತ್ತಿರುವಾಗ ದಾಖಲೆಗಾಗಿ ಕಾಯುತ್ತ ಕೂರುವಂತಿಲ್ಲ. ಹಾಗಾಗಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಅದರ ಜೊತೆಗೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿಯೂ ಅರ್ಜಿ ಕೊಡಿಸಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಈ ಮಿತಿಯನ್ನು ಮರೆತು ಪುಟಗಟ್ಟಲೆ ಬರೆದು, ತಿರಸ್ಕೃತವಾದ ಅರ್ಜಿಗಳನ್ನು ಹಿಡಿದು ಬರುವವರು ಈಗಲೂ ಇದ್ದಾರೆ. ನಾನು ಕೇಳಿದ್ದು ಎರಡೇ ಸಾಲು: ಈ ಸಂಖ್ಯೆಯ ಕಡತದ ಎಲ್ಲ ಪುಟಗಳು, ಟಿಪ್ಪಣಿ ಹಾಳೆಗಳೂ ಸೇರಿದಂತೆ. ‘ಟಿಪ್ಪಣಿ ಹಾಳೆಗಳೂ ಸೇರಿದಂತೆ’ ಎಂಬ ಮೂರು ಪದಗಳನ್ನು ಬಿಟ್ಟರೆ ಪತ್ರವ್ಯವಹಾರದ ಭಾಗ ಮಾತ್ರ ಕೈಗೆ ಬರುತ್ತದೆ, ಮನಸ್ಸು ಹೇಗೆ ಓಡಿತೆಂಬ ಭಾಗ ಕಚೇರಿಯಲ್ಲೇ ಉಳಿಯುತ್ತದೆ.

ಇಪ್ಪತ್ತೆಂಟನೆಯ ದಿನ ಪ್ರತಿಗಳು ಬಂದವು. ಟಿಪ್ಪಣಿ ಹಾಳೆಯಲ್ಲಿ ವಿಷಯ ನಿರ್ವಾಹಕರ, ಅಂದರೆ ಆ ಕಡತ ನೋಡಿಕೊಳ್ಳುವ ಸಿಬ್ಬಂದಿಯ, ಕೈಬರಹದ ಒಂದು ಕಂಡಿಕೆ ಇತ್ತು: ‘ನಿಗದಿತ ಅವಧಿ ಮುಗಿದಿರುತ್ತದೆ. ರದ್ದತಿ ಆದೇಶದ ಕರಡನ್ನು ಅನುಮೋದನೆಗಾಗಿ ಸಲ್ಲಿಸಿದೆ.’ ಕೆಳಗೆ ಸಹಿ, ದಿನಾಂಕ 11. ಅಂದರೆ ಏಳು ದಿನಗಳನ್ನು ನೋಟೀಸು ತಲುಪಿದ ದಿನದಿಂದ ಎಣಿಸದೆ, ಬರೆದ ದಿನದಿಂದ ಎಣಿಸಲಾಗಿತ್ತು. ಉತ್ತರ ಬರುವ ಹಿಂದಿನ ದಿನವೇ ಕರಡು ಸಿದ್ಧವಾಗಿತ್ತು. ಇನ್ನೂ ಮುಖ್ಯವಾದದ್ದು ತಹಶೀಲ್ದಾರರ ವರದಿಯ ಎರಡನೆಯ ಪುಟದಲ್ಲಿತ್ತು. ‘ಪಕ್ಕದ ಸಮುದಾಯ ಭವನದಲ್ಲಿ ಏಳು ಚೀಲಗಳು ಇರುವುದು ಕಂಡುಬಂದಿದೆ’ ಎಂದು ಅವರೇ ಬರೆದಿದ್ದರು. ಆದೇಶದ ಪ್ರಸ್ತಾವನೆಯಲ್ಲಿ ಆ ವರದಿಯ ಮೊದಲ ಪುಟ ಮಾತ್ರ ಪ್ರಸ್ತಾಪವಾಗಿತ್ತು.

ಇಷ್ಟು ಕೈಯಲ್ಲಿದ್ದಾಗ, ಅಧಿಕಾರಿಗಳು ದುರುದ್ದೇಶದಿಂದ ಮಾಡಿದ್ದಾರೆಂದು ಬರೆಯಬೇಕೆಂದು ಸಂಘದವರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ದುರುದ್ದೇಶದ ಆರೋಪ ಮಾಡುವುದಾದರೆ ಅಧಿಕಾರಿಯನ್ನು ಹೆಸರಿನಿಂದ ಪಕ್ಷಕಾರರನ್ನಾಗಿ ಮಾಡಿ, ಆರೋಪವನ್ನು ವಿವರಗಳ ಸಹಿತ ರುಜುವಾತುಪಡಿಸಬೇಕು. ನಮ್ಮಲ್ಲಿದ್ದ ಕಾಗದಗಳು ತೋರಿಸುತ್ತಿದ್ದುದು ದಿನಗಳ ತಪ್ಪು ಎಣಿಕೆಯನ್ನು ಮತ್ತು ಅರ್ಧ ಓದಿದ ವರದಿಯನ್ನು, ಅದಕ್ಕಿಂತ ಹೆಚ್ಚನ್ನಲ್ಲ. ಸಾಬೀತಾಗದ ಆರೋಪವೊಂದು ಸಾಬೀತಾದ ಎರಡು ಅಂಶಗಳನ್ನೂ ಮಸುಕು ಮಾಡುತ್ತದೆ. ಮೇಲಾಗಿ, ಮರುವಿಚಾರಣೆಯಾದರೆ ಕಡತ ಮತ್ತೆ ಅದೇ ಮೇಜಿಗೇ ಹೋಗುವುದು.

ರಿಟ್ ಹಾಕಬೇಕೇ, ಮೇಲ್ಮನವಿಯೇ ಎಂಬ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಸಹಜ ನ್ಯಾಯದ, ಅಂದರೆ ತೀರ್ಮಾನಕ್ಕೆ ಮೊದಲು ಅಹವಾಲು ಕೇಳಬೇಕೆಂಬ ತತ್ವದ, ಉಲ್ಲಂಘನೆಯಾಗಿದ್ದರೆ ಪರ್ಯಾಯ ಪರಿಹಾರವಿದ್ದರೂ ಹೈಕೋರ್ಟು ರಿಟ್ ಅರ್ಜಿಯನ್ನು ಆಲಿಸಬಹುದೆಂದು ಸುಪ್ರೀಂ ಕೋರ್ಟು 1998ರ ವರ್ಲ್‌ಪೂಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ, ಮತ್ತು ನಮ್ಮ ಪ್ರಕರಣ ಆ ವಿನಾಯಿತಿಯೊಳಗೆ ಬರುತ್ತಿತ್ತು. ಆದರೂ ಮೇಲ್ಮನವಿಯನ್ನೇ ಆರಿಸಿಕೊಂಡೆ. ಚೀಲಗಳು ಎಲ್ಲಿದ್ದವು, ಎಷ್ಟಿದ್ದವು ಎಂಬುದು ಸಂಗತಿಯ ಪ್ರಶ್ನೆ. ರಿಟ್ ನ್ಯಾಯಾಲಯ ಚೀಲ ಎಣಿಸುವುದಿಲ್ಲ. ಹೆಚ್ಚೆಂದರೆ ಆದೇಶ ರದ್ದುಪಡಿಸಿ, ‘ಕಾನೂನಿನಂತೆ ಮರುಪರಿಗಣಿಸಿ’ ಎಂದು ಹಿಂದಿರುಗಿಸುತ್ತದೆ. ತಹಶೀಲ್ದಾರರ ವರದಿಯನ್ನು ಪುಟಪುಟವಾಗಿ ಓದಿ, ಅದರ ಬಗ್ಗೆ ಒಂದು ನಿರ್ಣಯ ಬರೆಯುವ ಅಧಿಕಾರ ಮೇಲ್ಮನವಿ ಪ್ರಾಧಿಕಾರಕ್ಕಿದೆ, ಸಂಘಕ್ಕೆ ಬೇಕಾಗಿದ್ದುದೂ ಅದೇ.

‘ಮನವಿಯನ್ನು ಪರಿಗಣಿಸಿ’ ಎಂಬ ನಿರ್ದೇಶನ ಸಿಕ್ಕಿದರೆ ಗೆದ್ದೆವೆಂದು ತಿಳಿಯುವ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ಅವಧಿ ಮೀರಿದ ಹಕ್ಕಿಗೆ ಮನವಿ ಕೊಟ್ಟು, ಅದರ ಮೇಲೆ ಹಿಂಬರಹ ಪಡೆದ ಮಾತ್ರಕ್ಕೆ ಆ ಹಕ್ಕು ಮತ್ತೆ ಜೀವಂತವಾಗುವುದಿಲ್ಲವೆಂದು 2008ರ ಸಿ. ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೌಕರರ ವಿಷಯದಲ್ಲಿ ಇದು ಇನ್ನೂ ಬಿಗಿ. 1985ರ ಆಡಳಿತ ನ್ಯಾಯಮಂಡಳಿಗಳ ಅಧಿನಿಯಮದ 21ನೇ ಕಲಮಿನಂತೆ ನ್ಯಾಯಮಂಡಳಿಗೆ ಅರ್ಜಿ ಹಾಕಲು ಇರುವ ಅವಧಿ ಅಂತಿಮ ಆದೇಶದಿಂದ ಒಂದು ವರ್ಷ. ಇಲಾಖೆಗೆ ಮೇಲ್ಮನವಿ ಕೊಟ್ಟು ಆರು ತಿಂಗಳು ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದಲ್ಲಿಂದ ಒಂದು ವರ್ಷ. ವಿಧಾನಸೌಧಕ್ಕೆ ಮೇಲಿಂದ ಮೇಲೆ ಮನವಿ ಬರೆಯುತ್ತಲೇ ಈ ವರ್ಷವನ್ನು ಕಳೆದುಕೊಂಡು ಬಂದವರಿಗೆ ‘ವಿಳಂಬ ಮನ್ನಾ ಅರ್ಜಿ ಹಾಕೋಣ’ ಎನ್ನುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೇಲ್ಮನವಿಯ ಜೊತೆ ತಡೆಯಾಜ್ಞೆಯ ಅರ್ಜಿಯನ್ನೂ ಸಲ್ಲಿಸಿದೆ. ಅಷ್ಟರಲ್ಲಿ ಆ ಹಳ್ಳಿಯ ಪಡಿತರ ಚೀಟಿಗಳನ್ನು ನಾಲ್ಕು ಕಿಲೋಮೀಟರ್ ದೂರದ ಅಂಗಡಿಗೆ ಸೇರಿಸಲಾಗಿತ್ತು, ಮುದುಕರು ಬೆರಳಚ್ಚು ಕೊಡಲು ಅಲ್ಲಿಯವರೆಗೆ ನಡೆಯುತ್ತಿದ್ದರು. ಎರಡು ತಿಂಗಳಾದರೂ ತಡೆಯಾಜ್ಞೆಯ ಅರ್ಜಿ ವಿಚಾರಣೆಗೆ ಬರಲಿಲ್ಲ. ಮೂರು ಬಾರಿ ‘ಸಭೆಯ ನಿಮಿತ್ತ ಮುಂದೂಡಿದೆ’ ಎಂದಾಯಿತು. ಆಗ ಹೈಕೋರ್ಟಿಗೆ ಹೋದೆ, ಆದರೆ ಒಂದೇ ಪ್ರಾರ್ಥನೆಯೊಂದಿಗೆ: ತಡೆಯಾಜ್ಞೆಯ ಮಧ್ಯಂತರ ಅರ್ಜಿಯನ್ನು ನಿಗದಿತ ಅವಧಿಯೊಳಗೆ ತೀರ್ಮಾನಿಸುವಂತೆ ನಿರ್ದೇಶಿಸಬೇಕು. ಸರ್ಕಾರಿ ವಕೀಲರು ಅದನ್ನು ವಿರೋಧಿಸಲಿಲ್ಲ. ಎರಡು ವಾರಗಳ ಗಡುವು ಸಿಕ್ಕಿತು, ಹನ್ನೊಂದನೆಯ ದಿನ ತಡೆಯಾಜ್ಞೆ ಬಂತು.

ಅಂತಿಮ ವಿಚಾರಣೆಯಲ್ಲಿ ಕಚೇರಿಯು ತನ್ನ ಲಿಖಿತ ಆಕ್ಷೇಪಣೆಯಲ್ಲಿ ಹೊಸ ಕಾರಣಗಳನ್ನು ತಂದಿತು: ದಾಸ್ತಾನು ಫಲಕ ಬರೆದಿರಲಿಲ್ಲ, ಇಬ್ಬರು ಚೀಟಿದಾರರಿಗೆ ರಸೀದಿ ಕೊಟ್ಟಿರಲಿಲ್ಲ. ಇದು ಆಡಳಿತ ಕಾನೂನಿನಲ್ಲಿ ಪದೇ ಪದೇ ಎದುರಾಗುವ ಸಂಗತಿ. ಆದೇಶದ ಸಿಂಧುತ್ವವನ್ನು ಅದರಲ್ಲೇ ಬರೆದ ಕಾರಣಗಳಿಂದ ಅಳೆಯಬೇಕೇ ಹೊರತು, ಆಮೇಲೆ ಅಫಿಡವಿಟ್ ಮೂಲಕ ಸೇರಿಸಿದ ಕಾರಣಗಳಿಂದಲ್ಲ ಎಂಬ ತತ್ವವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1978ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ದೃಢವಾಗಿ ಹೇಳಿದ್ದಾರೆ. ಆ ತೀರ್ಪಿನ ಸಂಬಂಧಪಟ್ಟ ಕಂಡಿಕೆಯನ್ನು ಕನ್ನಡದಲ್ಲಿ ಅರ್ಧ ಪುಟಕ್ಕೆ ಸಂಗ್ರಹಿಸಿ, ಮೂಲದ ಪ್ರತಿಯೊಂದಿಗೆ ಕೊಟ್ಟೆ. ಕಂದಾಯದ ಕೆಲಸ, ಬೆಳೆ ಪರಿಹಾರದ ಸಭೆಗಳ ನಡುವೆ ಮೇಲ್ಮನವಿ ಕೇಳುವ ಅಧಿಕಾರಿಗೆ ನಲವತ್ತು ಪುಟಗಳ ಇಂಗ್ಲಿಷ್ ತೀರ್ಪು ಕೊಟ್ಟರೆ ಅದು ಕಡತದಲ್ಲಿ ಸೇರುತ್ತದೆ, ಓದಲ್ಪಡುವುದಿಲ್ಲ. ಅದರ ಜೊತೆ ಒಂದು ಹಾಳೆಯಲ್ಲಿ ನಾಲ್ಕು ದಿನಾಂಕಗಳನ್ನು, 6, 11, 12 ಮತ್ತು 14, ಪ್ರತಿಯೊಂದರ ಎದುರು ಕಡತದ ಪುಟಸಂಖ್ಯೆಯೊಂದಿಗೆ ಬರೆದುಕೊಟ್ಟೆ. ನನ್ನ ವಾದ ಹತ್ತು ನಿಮಿಷವೂ ಆಗಲಿಲ್ಲ. ಅಧಿಕಾರಿಗಳು ಆ ಹಾಳೆಯನ್ನು ಹಿಡಿದು, ಕಡತದ ಪುಟಗಳನ್ನು ತಾವೇ ತಿರುವಿ ನೋಡಿದರು.

ರದ್ದತಿ ಆದೇಶ ವಜಾ ಆಯಿತು. ವರದಿಗಳ ಪ್ರತಿ ಕೊಟ್ಟು, ಹೊಸದಾಗಿ ನೋಟೀಸು ನೀಡಿ, ಮೂವತ್ತು ದಿನಗಳಲ್ಲಿ ತೀರ್ಮಾನಿಸಬೇಕೆಂದು ನಿರ್ದೇಶನವಾಯಿತು. ಅಲ್ಲಿಯವರೆಗೆ ಅಂಗಡಿ ನಡೆಯಲು ಅನುಮತಿ ಮುಂದುವರಿಯಿತು. ಎರಡನೆಯ ಉತ್ತರವನ್ನು ನಾವು ಬಹಳ ಎಚ್ಚರಿಕೆಯಿಂದ ಬರೆದೆವು. ಫಲಕ ಬರೆಯದಿದ್ದುದನ್ನು ಸಂಘ ಒಪ್ಪಿಕೊಂಡಿತು, ಏಕೆಂದರೆ ಅದು ನಿಜವಾಗಿತ್ತು. ಚೀಲಗಳ ವಿಷಯದಲ್ಲಿ ತಹಶೀಲ್ದಾರರ ವರದಿಯ ಎರಡನೆಯ ಪುಟವನ್ನೇ ಲಗತ್ತಿಸಿದೆವು.

ಹೊಸ ಆದೇಶ ಬಂದ ದಿನ ಕಾರ್ಯದರ್ಶಿ ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದರು. ಫಲಕದ ಲೋಪಕ್ಕೆ ಎಚ್ಚರಿಕೆ ನೀಡಿ, ಪ್ರಾಧಿಕಾರಪತ್ರವನ್ನು ಮುಂದುವರಿಸಲಾಗಿತ್ತು. ಆದರೆ ಅವರು ಓದಲು ಆರಂಭಿಸಿದ್ದು ಆದೇಶದ ಭಾಗದಿಂದಲ್ಲ, ಉಲ್ಲೇಖದಿಂದ. ಈ ಬಾರಿ ಎಂಟು ಉಲ್ಲೇಖಗಳಿದ್ದವು. ಆರನೆಯದು ಸಂಘದ ಉತ್ತರ, ದಿನಾಂಕದ ಸಹಿತ.