ವಾರಕ್ಕೆ 2 ಗಂಟೆ ಮರಗಳ ನಡುವೆ

ಮನಸ್ಸು ಭಾರ ಅನ್ನಿಸುತ್ತಿರುವವರಿಗೆ ಒಂದು ಸಲಹೆ. ವಾರಕ್ಕೆ ಒಟ್ಟು 120 ನಿಮಿಷ ಹಸಿರಿನ ನಡುವೆ ಕಳೆಯಿರಿ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ 2019ರ ಅಧ್ಯಯನದಲ್ಲಿ, ಇಷ್ಟು ಹೊತ್ತು ಕಳೆದವರಲ್ಲಿ ನೆಮ್ಮದಿ ಜಾಸ್ತಿ ಕಂಡಿತ್ತು. ಒಂದೇ ಸಲ ಹೋದರೂ ಸರಿ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಸರಿ.

ಆದರೆ ಫೋನ್ ಜೇಬಿನಲ್ಲೇ ಇರಲಿ. ಹಕ್ಕಿ ದನಿ ಕೇಳಿ, ಎಲೆ ಅಲುಗಾಡುವುದನ್ನು ಸುಮ್ನೆ ನೋಡಿ. ಇಂಥದ್ದಕ್ಕೆ ಗಮನ ತಾನಾಗಿಯೇ ಹೋಗುತ್ತದೆ, ಕಷ್ಟಪಟ್ಟು ಕೊಡಬೇಕಿಲ್ಲ. ದಣಿದ ತಲೆಗೆ ಅದೇ ವಿಶ್ರಾಂತಿ ಅಲ್ವಾ? ನನಗಂತೂ ಮೊದಲ ಹತ್ತು ನಿಮಿಷ ಅದೇ ಚಿಂತೆಗಳು ಸುತ್ತುತ್ತವೆ, ಆಮೇಲೆ ನಿಧಾನಕ್ಕೆ ಸಡಿಲವಾಗುತ್ತವೆ. ಹಾಗಾಗಿ ಬೇಗ ಎದ್ದು ಬರಬೇಡಿ. ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳದೆ ಅದನ್ನು ಮಾತ್ರ ನಿಲ್ಲಿಸಬೇಡಿ.