ಅತ್ತೆಯ ಸೌಟು, ಮೈದುನನ ಅಂಜಲ್: ಕಾಸರಗೋಡಿನಲ್ಲಿ ಮನೆಮಂದಿಯ ಹೋಟೆಲ್ ಊಟ

ಮನೆಮಂದಿಯನ್ನೆಲ್ಲ ಹೋಟೆಲಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನಮ್ಮಲ್ಲಿ ನನ್ನದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಮಂಗಳೂರಿನಿಂದ ಮೈದುನನ ಸಂಸಾರ ಬಂದರೆ, ನಾದಿನಿ ಮಕ್ಕಳನ್ನು ಕಟ್ಟಿಕೊಂಡು ಬಂದರೆ, "ಎಲ್ಲಿಗೆ ಹೋಗುವ?" ಎಂದು ಎಲ್ಲರೂ ನನ್ನ ಮುಖ ನೋಡುತ್ತಾರೆ. ನನಗೂ ಅದು ಇಷ್ಟ. ಮನೆಯಲ್ಲಿ ಅಷ್ಟು ಜನಕ್ಕೆ ಬಡಿಸುವಾಗ ಅತ್ತೆಯೂ ನಾನೂ ಉಣ್ಣುವುದು ಕೊನೆಗೆ. ಹೋಟೆಲಿನಲ್ಲಿ ನಾವಿಬ್ಬರೂ ಎಲ್ಲರ ಜೊತೆಗೆ ಕೂತು ಬಿಸಿಬಿಸಿ ಉಣ್ಣುತ್ತೇವೆ. ಹಾಗಾಗಿ ಆ ಊಟ ಚೆನ್ನಾಗಿಯೇ ಆಗಬೇಕು ಎಂಬ ಹಟ ನನಗೆ.

ಹೋಟೆಲ್ ಆರಿಸುವಾಗ ನಾನು ಮೊದಲು ನೋಡುವುದು ಯಾರಿಗೆ ಕಷ್ಟ ಆಗಬಹುದು ಎಂದು. ಅತ್ತೆ ಮೀನು, ಮಾಂಸ ಬಿಟ್ಟು ವರ್ಷಗಳಾದವು. ಮಾವನಿಗೆ ಶುಗರ್ ಇದೆ, ಮೊಣಕಾಲು ನೋವು ಬೇರೆ. ಹೊತ್ತಿಗೆ ಸರಿಯಾಗಿ ಊಟ ಆಗಬೇಕು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಇವರಿಬ್ಬರಿಗೆ ಹೊಂದಿದ ಜಾಗ ಉಳಿದವರಿಗೆ ಹೇಗೂ ಹೊಂದುತ್ತದೆ. ಮಕ್ಕಳನ್ನು ಕೇಳಿದರೆ ಪ್ರತಿ ಸಲ ಅಲ್ಫಾಮ್ (ಕೆಂಡದಲ್ಲಿ ಸುಟ್ಟ ಕೋಳಿ), ಶವರ್ಮಾ ಅಂತಲೇ ಹೇಳುತ್ತಾರೆ, ಅಲ್ವಾ?

ಸಸ್ಯಾಹಾರಿ ಹೋಟೆಲಿಗೇ ಹೋದರೆ ಮುಗಿಯಿತು ಎಂದು ಕೆಲವರು ಹೇಳುತ್ತಾರೆ. ಮಧೂರಿಗೋ ಅನಂತಪುರಕ್ಕೋ ದೇವರ ದರ್ಶನಕ್ಕೆ ಹೋದ ದಿನ ನಾವೂ ಹಾಗೇ ಮಾಡುತ್ತೇವೆ. ಆದರೆ ಕಡಲ ಬದಿಯ ಊರಿಗೆ ಬಂದ ಮೈದುನನಿಗೆ ಮೀನು ಬೇಡ ಎನ್ನುವುದು ಹೇಗೆ? ಅತ್ತೆಯೇ ಇದನ್ನು ಸುಲಭ ಮಾಡಿಕೊಟ್ಟರು. "ಪಕ್ಕದಲ್ಲಿ ಕೂತು ಮೀನು ತಿಂದರೆ ನನಗೇನೂ ಇಲ್ಲ. ಸೌಟು, ಬಾಣಲೆ ಮಾತ್ರ ಬೇರೆ ಇರಲಿ" ಎಂದರು. ಅಂದಿನಿಂದ ಹೊರಡುವ ಮೊದಲು ಹೋಟೆಲಿಗೆ ಫೋನ್ ಮಾಡಿ ಅದನ್ನೇ ಕೇಳುತ್ತೇನೆ. ಸಾಂಬಾರು, ಪಲ್ಯಕ್ಕೆ ಪಾತ್ರೆ ಬೇರೆ ಉಂಟಾ? ದೋಸೆಯ ಕಾವಲಿಯಲ್ಲಿ ಆಮ್ಲೆಟ್ ಹಾಕುತ್ತೀರಾ? ಅಡುಗೆಮನೆ ಚೆನ್ನಾಗಿ ನಡೆಸುವವರು ಇದಕ್ಕೆ ಬೇಸರ ಮಾಡುವುದಿಲ್ಲ, ನೇರವಾಗಿ ಉತ್ತರ ಕೊಡುತ್ತಾರೆ. "ಎಲ್ಲ ಅಡ್ಜಸ್ಟ್ ಮಾಡುವ, ನೀವು ಬನ್ನಿ" ಅಂದರೆ ನಾನು ಬೇರೆ ಕಡೆ ನೋಡುತ್ತೇನೆ.

ಅದೇ ಫೋನಿನಲ್ಲಿ ಇನ್ನೂ ಎರಡು ವಿಷಯ ಕೇಳುತ್ತೇನೆ. ಫ್ಯಾಮಿಲಿ ರೂಮ್ ಕೆಳಗೆ ಉಂಟಾ, ಮಹಡಿಯಲ್ಲಾ? ಟಾಯ್ಲೆಟ್‌ನಲ್ಲಿ ಕಮೋಡ್ ಉಂಟಾ? ವಯಸ್ಸಾದವರು ಹೊರಗೆ ಊಟಕ್ಕೆ ಬರಲು ಹಿಂಜರಿಯುವುದು ಎಷ್ಟೋ ಸಲ ಟಾಯ್ಲೆಟ್‌ನ ಚಿಂತೆಯಿಂದ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಕೇಳಿಟ್ಟುಕೊಳ್ಳಬೇಕು. ಹೋಟೆಲ್ ರಸ್ತೆಯ ಯಾವ ಬದಿಗೆ ಇದೆ ಎಂದೂ ಈಗ ನೋಡಬೇಕು. ಹೆದ್ದಾರಿ ಆರು ಲೇನ್ ಆದ ಮೇಲೆ ಎದುರು ಬದಿಯ ಹೋಟೆಲ್ ಕಣ್ಣಿಗೆ ಕಾಣುತ್ತದೆ, ಅಲ್ಲಿಗೆ ತಲುಪಲು ಅಂಡರ್‌ಪಾಸ್ ಹುಡುಕಿ ಸುತ್ತು ಬರಬೇಕು.

ದಿನ ಆರಿಸುವುದರಲ್ಲೂ ಲೆಕ್ಕ ಇದೆ. ಸೋಮವಾರ, ಸಂಕ್ರಮಣದಂದು ನಮ್ಮಲ್ಲಿ ಕೆಲವರು ಮೀನು ಮುಟ್ಟುವುದಿಲ್ಲ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿನ ಹೊತ್ತಿಗೆ ಪೇಟೆಯ ಹಲವು ಹೋಟೆಲುಗಳು ಸ್ವಲ್ಪ ಹೊತ್ತು ಬಾಗಿಲು ಹಾಕುತ್ತವೆ. ರಮ್ಜಾನ್ ತಿಂಗಳಲ್ಲಿ ಹಗಲು ಮುಚ್ಚಿರುವವು ಜಾಸ್ತಿ. ಆದರೆ ಆ ತಿಂಗಳ ಸಂಜೆ ನನಗೆ ತುಂಬಾ ಇಷ್ಟ. ಉಪವಾಸ ಬಿಡುವವರ ಗಡಿಬಿಡಿ ಮುಗಿಯಲಿ ಎಂದು ಕಾದು, ಸ್ವಲ್ಪ ತಡವಾಗಿ ಹೋಗುತ್ತೇವೆ. ಉನ್ನಕ್ಕಾಯ, ಪತ್ತಿರಿ ಎಂಬ ಅಕ್ಕಿ ರೊಟ್ಟಿ, ಸಮೋಸ ಆಗಲೂ ಬಿಸಿಯಾಗಿ ಸಿಗುತ್ತವೆ. ಬಾಳೆಹಣ್ಣಿನ ಉನ್ನಕ್ಕಾಯ ನಮ್ಮ ಮಕ್ಕಳಿಗೆ ಪ್ರಾಣ. ಭಾನುವಾರವಾದರೆ ಹನ್ನೆರಡೂ ಕಾಲಕ್ಕೇ ಹೋಗಿ ಕೂರಬೇಕು. ಒಂದು ಗಂಟೆ ದಾಟಿದರೆ ಜಾಗಕ್ಕೆ ಕಾಯಬೇಕು, ಮಾವನ ಶುಗರ್ ಕಾಯುವುದಿಲ್ಲ. ಬೇಗ ಹೋದರೆ ಪಲ್ಯ, ಸಾಂಬಾರು ಆಗಷ್ಟೇ ಒಲೆಯಿಂದ ಇಳಿದಿರುತ್ತದೆ.

ಈಗ ಮೀನಿನ ವಿಷಯ. ಮೆನು ಕಾರ್ಡ್ ನೋಡಿ ಮೀನು ಹೇಳಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾರ್ಡಿನಲ್ಲಿ ವರ್ಷವಿಡೀ ಎಲ್ಲ ಮೀನೂ ಇರುತ್ತದೆ, ಕಡಲಿನಲ್ಲಿ ಇರುವುದಿಲ್ಲ. "ಇವತ್ತು ಯಾವ ಮೀನು ಬಂದಿದೆ?" ಎಂದು ಕೇಳಬೇಕು. ನಮ್ಮ ಕಡೆ ಮಸಾಲೆ ಹಚ್ಚಿದ ಹಸಿ ಮೀನನ್ನು ತಟ್ಟೆಯಲ್ಲಿ ಜೋಡಿಸಿ ಟೇಬಲಿಗೇ ತಂದು ತೋರಿಸುವ ಹೋಟೆಲುಗಳಿವೆ. ಅಲ್ಲಿ ಆರಿಸುವುದು ಸುಲಭ. ಮೀನು ಇಡೀ ಇದ್ದರೆ ಕಣ್ಣು ನೋಡುತ್ತೇನೆ. ಗುಳಿ ಬಿದ್ದು ಬೆಳ್ಳಗಾಗಿದ್ದರೆ ಬೇಡ. ಮಸಾಲೆ ದಪ್ಪಗೆ ಮೆತ್ತಿ ಮೀನೇ ಕಾಣದ ಹಾಗಿದ್ದರೂ ನಾನು ಮುಂದಕ್ಕೆ ಹೋಗುವುದಿಲ್ಲ. ಅಂಜಲ್ (ಸುರ್ಮಾಯಿ), ಮಾಂಜಿ (ಪಾಂಫ್ರೆಟ್) ಮೀನಿಗೆ ತುಂಡಿನ ಅಥವಾ ಗಾತ್ರದ ಮೇಲೆ ರೇಟು. ಕಾವಲಿಗೆ ಹಾಕುವ ಮೊದಲೇ ರೇಟು ಕೇಳಿಕೊಳ್ಳಬೇಕು. ಕೇಳಲು ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಳೆಗಾಲದಲ್ಲಿ ಇನ್ನೂ ಜಾಗ್ರತೆ ಬೇಕು. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ ಟ್ರಾಲಿಂಗ್, ಅಂದರೆ ಯಾಂತ್ರಿಕ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ಸಿಗುವ ಅಂಜಲ್ ಹೆಚ್ಚಾಗಿ ಐಸಿನಲ್ಲಿ ದೂರದಿಂದ ಬಂದದ್ದು. ಸಾಂಪ್ರದಾಯಿಕ ದೋಣಿಯವರಿಗೆ ಮೀನು ಹಿಡಿಯಲು ಅಡ್ಡಿ ಇಲ್ಲ. ಅವರ ಬಲೆಗೆ ಬಿದ್ದ ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ಇದ್ದರೆ ನಾನು ಅದನ್ನೇ ಹೇಳುತ್ತೇನೆ. ಮೈದುನ ಮೊದಮೊದಲು "ಬೂತಾಯಿ ತಿನ್ನಲು ಹೋಟೆಲಿಗೆ ಬರಬೇಕಾ ಅತ್ತಿಗೆ?" ಎನ್ನುತ್ತಿದ್ದ. ತೆಂಗಿನೆಣ್ಣೆಯಲ್ಲಿ ಕರಿಬೇವು ಹಾಕಿ ಗರಿಗರಿಯಾಗಿ ಕಾಯಿಸಿದ್ದನ್ನು ತಿಂದ ಮೇಲೆ ಈಗ ಅವನೇ ಕೇಳುತ್ತಾನೆ. ಊಟದ ಜೊತೆ ಮೀನಿನ ಸಾರು ಹೆಚ್ಚಿನ ಕಡೆ ಸುಮ್ನೆ ಕೊಡುತ್ತಾರೆ, ಹುರಿದ ಮೀನಿಗೆ ಮಾತ್ರ ಬೇರೆ ದುಡ್ಡು. ಅನ್ನ ಕುಚ್ಚಲಕ್ಕಿಯದಾ ಬೆಳ್ತಿಗೆಯದಾ (ಬಿಳಿ ಅಕ್ಕಿಯದಾ) ಎಂದು ಬಡಿಸುವವರು ಕೇಳುತ್ತಾರೆ. ಮೀನು ಸಾರಿಗೆ ಕುಚ್ಚಲಕ್ಕಿಯೇ ಸರಿ.

ಬಿರಿಯಾನಿಗೆ ಇಷ್ಟೆಲ್ಲ ಯೋಚನೆ ಬೇಡ. ಸಣ್ಣ ಕಾಳಿನ ಕೈಮ ಅಕ್ಕಿಯಲ್ಲಿ ದಮ್ ಹಾಕಿದ್ದಾದರೆ ಮಧ್ಯಾಹ್ನ ಬೇಗ ಹೋಗಿ ತಿನ್ನಿ, ಅಷ್ಟೇ.

ಆರ್ಡರನ್ನು ನಾನು ಒಂದೇ ಸಲ ಹೇಳುವುದಿಲ್ಲ. ಮೊದಲು ಅತ್ತೆ, ಮಾವನ ಊಟ ಬರಬೇಕು. ಮಕ್ಕಳದ್ದು ಅದರ ಜೊತೆಗೇ. ನಮ್ಮದು ಆಮೇಲೆ. ಇಡೀ ಟೇಬಲಿಗೆ ಒಟ್ಟಿಗೆ ಹೇಳಿದರೆ ಅತ್ತೆಯ ಅನ್ನ ಮೈದುನನ ಮೀನಿಗಾಗಿ ಕಾಯುತ್ತದೆ. ನಮ್ಮ ಟೇಬಲಿನಲ್ಲಿ ತುಳು, ಕನ್ನಡ, ಪಕ್ಕದ ಟೇಬಲಿನಲ್ಲಿ ಮಲಯಾಳ, ಬ್ಯಾರಿ. ಬಡಿಸುವ ಹುಡುಗ ಬಂಗಾಳದವನೋ ಅಸ್ಸಾಮಿನವನೋ ಆಗಿದ್ದರೆ ಹಿಂದಿ. ಹಾಗಾಗಿ ಹೇಳಿದ್ದನ್ನು ಅವನಿಂದ ಇನ್ನೊಮ್ಮೆ ಹೇಳಿಸುತ್ತೇನೆ. ಅತ್ತೆಯ ತಟ್ಟೆ ಯಾವುದು ಎಂದು ಕೈ ತೋರಿಸಿಯೇ ಹೇಳುತ್ತೇನೆ. ಮಾವನ ಸುಲೈಮಾನಿಗೆ (ಹಾಲು ಹಾಕದ ಚಹಾಕ್ಕೆ) ಸಕ್ಕರೆ ಬೇಡ ಎಂದು ಮೊದಲೇ ಹೇಳಬೇಕು.

ನೀರಿನ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಕೇರಳದ ಹೋಟೆಲುಗಳಲ್ಲಿ ಪತಿಮುಗಂ ಎಂಬ ಮರದ ಚಕ್ಕೆ ಹಾಕಿದ ನಸುಗೆಂಪು ನೀರು ಕೊಡುತ್ತಾರೆ. ಬೆಂಗಳೂರಿನ ನೆಂಟರು ಅದನ್ನು ನೋಡಿ ಹೆದರುವುದುಂಟು. ಚೆನ್ನಾಗಿ ಕುದಿಸಿದ್ದಾದರೆ ಅದರಂಥ ನೀರಿಲ್ಲ. ಆದರೆ ಕುದಿಸಿದ ಬಿಸಿನೀರಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ತಂದರೆ ಕುದಿಸಿದ್ದು ದಂಡ. ಬಣ್ಣ ಹಾಗೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಕಾಮಾಲೆ ಹರಡುವುದು ಹೀಗೇ. ಅದಕ್ಕೆ ನಾನು ಕೈಗೆ ಸುಡುವಷ್ಟು ಬಿಸಿಯಾದ ನೀರನ್ನೇ ಕೇಳಿ ತರಿಸಿ, ಟೇಬಲಿನ ಮೇಲೆ ಆರಲು ಬಿಡುತ್ತೇನೆ. ಮಕ್ಕಳಿಗೆ ಮನೆಯಿಂದಲೇ ಬಾಟಲಿ. ಲೈಮ್ ಜ್ಯೂಸಿಗೆ ಹಾಕುವ ಐಸು ಯಾವ ನೀರಿನದೋ, ಐಸ್ ಬೇಡ ಎಂದುಬಿಡುತ್ತೇನೆ.

ಮಕ್ಕಳ ಶವರ್ಮಾಗೆ ನಾನು ಪೂರ್ತಿ ಬೇಡ ಎನ್ನುವುದಿಲ್ಲ. ಕೋಳಿ ಒಳಗಿನವರೆಗೆ ಬೆಂದಿರಬೇಕು, ಅಲ್ಲೇ ಕೂತು ತಿನ್ನಬೇಕು. ಹಸಿ ಮೊಟ್ಟೆಯ ಮಯೋನೀಸ್ ಅನ್ನು ಕೇರಳ ಸರಕಾರ 2023ರ ಜನವರಿಯಲ್ಲಿ ನಿಷೇಧಿಸಿದೆ. ಪಾರ್ಸೆಲ್ ಮೇಲೆ ಯಾವಾಗ ತಯಾರಿಸಿದ್ದು, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಇರಬೇಕೆಂಬ ನಿಯಮವೂ ಆಗಲೇ ಬಂತು. ಚೀಟಿ ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ. ಉಳಿದದ್ದನ್ನು ಕಟ್ಟಿಸಿಕೊಂಡು, ಕಾರಿನಲ್ಲಿಟ್ಟು, ಬೇಕಲ ಕೋಟೆ ಸುತ್ತಿ, ರಾತ್ರಿ ಮನೆಯಲ್ಲಿ ತಿನ್ನುವುದನ್ನು ನಮ್ಮಲ್ಲಿ ನಾನು ಪೂರ್ತಿ ನಿಲ್ಲಿಸಿದ್ದೇನೆ.

ಬಿಲ್ ಬಂದಾಗ ಕೊನೆಯ ಎರಡು ಸಾಲು ಓದುತ್ತೇನೆ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ 5 ಶೇಕಡಾ. ಸರ್ವಿಸ್ ಚಾರ್ಜನ್ನು ನಮ್ಮನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು 2022ರಲ್ಲೇ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. ಬಡಿಸಿದ ಹುಡುಗನ ಕೈಗೆ ಮಾತ್ರ ನಾನೇ ಏನಾದರೂ ಕೊಟ್ಟು ಬರುತ್ತೇನೆ.

ಮನೆಯವರ ಜೊತೆ ಹೋದರೆ ಬಿಲ್ ಯಾರು ಕೊಡುವುದು ಎಂಬುದೇ ದೊಡ್ಡ ಎಳೆದಾಟ. ಗೆಳತಿಯರ ಜೊತೆ ಹಾಗಲ್ಲ, ಮೊದಲೇ ಮಾತಾಗಿರುತ್ತದೆ. "ಸಮ ಸಮ ಹಂಚುವುದು ಬೇಡ ಮಾರಾಯ್ತಿ, ಇವಳು ಬರೇ ಊಟ ಮಾಡಿದ್ದು" ಎಂದು ಒಬ್ಬಳು ಶುರುಮಾಡಿದಳು, ಈಗ ಅದೇ ಕ್ರಮ. ಮೀನು ತಿಂದವರು ಮೀನಿನ ದುಡ್ಡು ಕೊಡುತ್ತಾರೆ, ಊಟದ್ದು ಎಲ್ಲರಿಗೂ ಸಮ. ಓಣಂ ಹಬ್ಬದ 'ಸದ್ಯ' ಎಂಬ ಬಾಳೆಲೆ ಊಟಕ್ಕೆ ಮಾತ್ರ ಎಲೆಗೆ ಇಷ್ಟು ಎಂದು ಮುಂಚೆಯೇ ಹಣ ಕಟ್ಟಿ ಜಾಗ ಹಿಡಿಯುತ್ತೇವೆ. ಓಣಂನ ಮುಖ್ಯ ದಿನವಾದ ತಿರುವೋಣದಂದು ಬುಕ್ ಮಾಡದೆ ಹೋದವರಿಗೆ ಎಲೆ ಸಿಗುವುದು ಕಷ್ಟ.