ನೆರೆ ಇಳಿದ ಮೇಲೆ ನೀರಿನ ವರದಿ: ನನ್ನ ಅನುಭವ

ಸರ್ಕಾರಿ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ತಜ್ಞೆಯಾಗಿ ಬಹುಕಾಲ ಕೆಲಸ ಮಾಡಿದ ನನ್ನನ್ನು, ಪರೀಕ್ಷೆಯ ಫಲಿತಾಂಶವನ್ನೇ ತಿದ್ದಿಕೊಡಿ ಎಂದು ಯಾರೂ ಕೇಳಿದ್ದಿಲ್ಲ. ಫಲಿತಾಂಶದ ಕೆಳಗೆ ಬರೆದ ಸಲಹೆಯ ಸಾಲನ್ನು ಬಿಟ್ಟುಬಿಡಿ ಎಂದು, ಇಲ್ಲವೇ ವರದಿಯನ್ನು ಎರಡು ದಿನ ತಡೆದು ಕಳಿಸಿ ಎಂದು ಮಾತ್ರ ಕೇಳಿದವರಿದ್ದಾರೆ. ವಿಪತ್ತಿನ ನಂತರ ವಿಜ್ಞಾನಿಗಳು ಕೊಡುವ ಎಚ್ಚರಿಕೆಯಲ್ಲಿ ರಾಜಕೀಯದ ಕೈ ಆಡುವುದು ಹೆಚ್ಚಾಗಿ ಈ ಎರಡು ಜಾಗಗಳಲ್ಲೇ ಎಂಬುದು ನನ್ನ ಅನುಭವ. ಆದ್ದರಿಂದ ನಾವು ಕಾವಲು ಕಾಯಬೇಕಾದದ್ದೂ ಅಲ್ಲೇ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ನದಿದಂಡೆಯ ಊರುಗಳು ಮುಳುಗಿದವು. ನೀರು ಇಳಿಯುತ್ತಿದ್ದಂತೆ ನಾವು ಮಾದರಿ ಸಂಗ್ರಹಕ್ಕೆ ಹೊರಟೆವು. ಒಂದು ಊರಿನಲ್ಲಿ ಶೌಚಗುಂಡಿಗಳು ತುಂಬಿ ಹರಿದ ನೀರು ಕೊಳವೆಬಾವಿಯ ಕೇಸಿಂಗ್ ಪೈಪಿನ ಸುತ್ತಲಿನ ಬಿರುಕಿನಿಂದ ಒಳಗಿಳಿದಿತ್ತು. ಅದೇ ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಏರಿಸಿ ನಲ್ಲಿಗೆ ಬಿಡಲಾಗುತ್ತಿತ್ತು. ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನ ಕೊಳವೆಯಲ್ಲಿ ನಲ್ಲಿ ನೀರು ಹಿಡಿದು, ಕ್ಲೋರಿನ್ ಇದ್ದರೆ ನೀರನ್ನು ಹಳದಿಯಾಗಿಸುವ ಆರ್ಥೋಟೊಲಿಡಿನ್ ಹನಿ ಬಿಟ್ಟರೆ ಹಳದಿಯ ಸುಳಿವೇ ಕಾಣಲಿಲ್ಲ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕಾದ ನೀರಿನಲ್ಲಿ ಅದು ಇರಲೇ ಇಲ್ಲ. ವಾಟರ್‌ಮನ್ ಪ್ರಾಮಾಣಿಕವಾಗಿ ಬ್ಲೀಚಿಂಗ್ ಪೌಡರ್ ಹಾಕಿದ್ದರು, ಆದರೆ ಬಾಯಿ ಬಿಚ್ಚಿದ ಚೀಲ ಪಂಪ್‌ಹೌಸಿನ ತೇವದಲ್ಲಿ ಕುಳಿತು ಪುಡಿ ಹೆಂಟೆಗಟ್ಟಿತ್ತು. ಹೊಸ ಪುಡಿಯಲ್ಲಿ ಮೂರರಲ್ಲೊಂದು ಪಾಲಿನಷ್ಟಿರುವ ಕ್ಲೋರಿನ್ ಹಾಗೆ ಇಟ್ಟ ಪುಡಿಯಲ್ಲಿ ಉಳಿಯುವುದಿಲ್ಲ. ಎಚ್‌2ಎಸ್ ಬಾಟಲಿಯಲ್ಲಿ, ಅಂದರೆ ಮಲದ ಕಲ್ಮಶವಿದ್ದರೆ ನೀರು ಕಪ್ಪಾಗುವ ಪರೀಕ್ಷಾ ಬಾಟಲಿಯಲ್ಲಿ, ತುಂಬಿಟ್ಟ ನೀರು ಮರುದಿನದ ಹೊತ್ತಿಗೆ ಕಪ್ಪಾಯಿತು. ಐಸ್ ಡಬ್ಬಿಯಲ್ಲಿ ತಂದ ಮಾದರಿಯಲ್ಲಿ ಮಲದ ಕಲ್ಮಶದ ಗುರುತಾದ ಇ. ಕೋಲೈ ಬ್ಯಾಕ್ಟೀರಿಯಾ ಇರುವುದು ಪ್ರಯೋಗಾಲಯದಲ್ಲಿ ಖಚಿತವಾಯಿತು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಅದು ಪತ್ತೆಯೇ ಆಗಕೂಡದು.

ಎಚ್‌2ಎಸ್ ಬಾಟಲಿ ಕಪ್ಪಾದ ದಿನವೇ, ಪ್ರಯೋಗಾಲಯದ ಖಚಿತ ಫಲಿತಾಂಶಕ್ಕೆ ಕಾಯದೆ, ನಲ್ಲಿಗಳ ಬಳಿ ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎಂದು ಫಲಕ ಹಾಕಿಸಿದ್ದೆವು. ಸಂಜೆ ಸ್ಥಳೀಯ ಮುಖಂಡರೊಬ್ಬರ ಫೋನ್ ಬಂತು. “ಮೇಡಂ, ನಾಳೆ ಸಾಹೇಬ್ರು ಊರಿಗೆ ಬರಾಕತ್ತಾರ. ಮಂದಿ ಮೊದಲ ಹೆದರ್‍ಯಾರ, ಆ ಬೋರ್ಡ್ ತಗಸ್ರಿ. ನಾಡದು ಬೇಕಾದ್ರ ಮತ್ತ ಹಚ್ಚೀರಂತ” ಎಂದರು. ಅವರ ಮಾತಿನಲ್ಲಿ ಭೇಟಿಯ ಚಿಂತೆಯ ಜೊತೆಗೆ ನಿಜವಾದ ಒಂದು ಪ್ರಶ್ನೆಯೂ ಇತ್ತು: ನಲ್ಲಿ ನೀರು ಬೇಡವೆಂದರೆ ಜನ ಏನು ಕುಡಿಯಬೇಕು, ಹೊಳೆಗೆ ಹೋಗಬೇಕೇ? ಆ ಪ್ರಶ್ನೆಯನ್ನು ನಾನು ಒಪ್ಪಿಕೊಂಡೆ. ಫಲಕ ತೆಗೆಸಲಿಲ್ಲ, ಅದರ ಕೆಳಗೆ ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ, ನಲ್ಲಿ ನೀರನ್ನೇ ಬಳಸುವುದಾದರೆ ಕೊತಕೊತ ಕುದಿಸಿ ಆರಿಸಿ ಕುಡಿಯಬೇಕೆಂಬುದನ್ನೂ ಸೇರಿಸಿದೆ. ಬರೀ ಬೇಡವೆಂದು ಹೇಳಿ ನಿಲ್ಲಿಸುವ ಎಚ್ಚರಿಕೆಯನ್ನು ಅಳಿಸಿಹಾಕುವುದು ಸುಲಭ, ಏಕೆಂದರೆ ಅದನ್ನು ಅಳಿಸುವವರಿಗೆ ಜನರ ಕಷ್ಟವೇ ನೆಪವಾಗಿ ಸಿಗುತ್ತದೆ.

ಮೇಲಧಿಕಾರಿಯೊಬ್ಬರು ಲಿಖಿತ ವರದಿಯನ್ನು ತಡೆಹಿಡಿಯಲು ಬಾಯಿಮಾತಿನಲ್ಲಿ ಸೂಚಿಸಿದಾಗ, “ಸರ್, ಹಾಗೆಂದು ಕಡತದಲ್ಲಿ ಒಂದು ಟಿಪ್ಪಣಿ ಬರೆದುಕೊಡಿ, ತಡೆಹಿಡಿಯುತ್ತೇನೆ” ಎಂದೆ. ಟಿಪ್ಪಣಿ ಬರಲಿಲ್ಲ, ವರದಿ ಹೋಯಿತು. ಈ ಮಾತನ್ನು ವಿನಯದಿಂದಲೇ ಹೇಳಬೇಕು, ಆದರೆ ಹೇಳಲೇಬೇಕು.

ಈ ಎಚ್ಚರ ನನ್ನಲ್ಲಿ ಬೆಳೆಯಲು ಮುಖ್ಯ ಕಾರಣ ನ್ಯೂಯಾರ್ಕಿನ ಪ್ರಕರಣ. 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರ್ ಕುಸಿದು ಒಂದು ವಾರವಾಗುವಷ್ಟರಲ್ಲಿ, 18ರಂದು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥೆ ಕ್ರಿಸ್ಟೀನ್ ಟಾಡ್ ವಿಟ್‌ಮನ್ ಅಲ್ಲಿನ ಗಾಳಿ ಉಸಿರಾಟಕ್ಕೆ ಸುರಕ್ಷಿತವೆಂದು ಘೋಷಿಸಿದರು. ಅಷ್ಟರಲ್ಲಿ ಸಂಗ್ರಹಿಸಿದ್ದ ದೂಳಿನ ಮಾದರಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರಿನ (ಆಸ್ಬೆಸ್ಟಾಸ್) ಅಂಶ ಶೇಕಡಾ 1ರಷ್ಟು ಅಥವಾ ಅದಕ್ಕಿಂತ ಹೆಚ್ಚಿತ್ತು. ಇನ್ನೂ ಹಲವು ಮಾಲಿನ್ಯಕಾರಕಗಳ ಮಾಹಿತಿ ಕೈಸೇರಿಯೇ ಇರಲಿಲ್ಲ. ಸಂಸ್ಥೆಯ ಪತ್ರಿಕಾ ಹೇಳಿಕೆಗಳಿಗೆ ಭರವಸೆಯ ಮಾತುಗಳನ್ನು ಸೇರಿಸಿ ಎಚ್ಚರಿಕೆಯ ಮಾತುಗಳನ್ನು ತೆಗೆಯುವಂತೆ ಶ್ವೇತಭವನದ ಪರಿಸರ ಗುಣಮಟ್ಟ ಮಂಡಳಿ ಪ್ರಭಾವ ಬೀರಿತ್ತು ಎಂಬುದನ್ನು 2003ರ ಆಗಸ್ಟ್‌ನಲ್ಲಿ ಆ ಸಂಸ್ಥೆಯದೇ ಇನ್‌ಸ್ಪೆಕ್ಟರ್ ಜನರಲ್ ವರದಿ ದಾಖಲಿಸಿತು. ಮಾದರಿ ಸಂಗ್ರಹಿಸಿದವರು ತಮ್ಮ ಕೆಲಸ ಮಾಡಿದ್ದರು, ಆದರೆ ಜನರ ಕೈಗೆ ತಲುಪಿದ ವಾಕ್ಯ ಅವರದಾಗಿರಲಿಲ್ಲ. ಅಲ್ಲಿ ದುಡಿದು ಕಾಯಿಲೆ ಬಿದ್ದವರ ಚಿಕಿತ್ಸೆ ಮತ್ತು ಪರಿಹಾರಕ್ಕಾಗಿ ಜಡ್ರೋಗಾ ಕಾಯ್ದೆಗೆ ಅಂಕಿತ ಬಿದ್ದದ್ದು 2011ರ ಜನವರಿಯಲ್ಲಿ. ಮೊದಲ ವಾರದಲ್ಲೇ ಮುಖವಾಡ ಹಾಕಿಕೊಳ್ಳಿ ಎಂದು ಒಂದೇ ದನಿಯಲ್ಲಿ ಹೇಳಿದ್ದರೆ ಎಷ್ಟು ಶ್ವಾಸಕೋಶಗಳು ಉಳಿಯುತ್ತಿದ್ದವೋ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. ಉತ್ತರಾಖಂಡದ ಬೆಟ್ಟದೂರು ಜೋಶಿಮಠದ ನೆಲ ಹನ್ನೆರಡು ದಿನಗಳಲ್ಲಿ 5.4 ಸೆಂಟಿಮೀಟರ್ ಕುಸಿದಿದೆ ಎಂಬ ಇಸ್ರೋ ಉಪಗ್ರಹ ವರದಿ 2023ರ ಜನವರಿಯಲ್ಲಿ ಜಾಲತಾಣದಿಂದ ಮಾಯವಾಯಿತು. ಮಾಧ್ಯಮಗಳೊಂದಿಗೆ ಮಾತನಾಡಬಾರದೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವೈಜ್ಞಾನಿಕ ಸಂಸ್ಥೆಗಳಿಗೆ ಪತ್ರ ಬರೆಯಿತು.

ಸೇವಾ ನಡತೆ ನಿಯಮಗಳ ಕಾರಣ ನಾವೂ ಪತ್ರಿಕೆಗಳ ಮುಂದೆ ಹೋಗುವಂತಿಲ್ಲ. ಆದ್ದರಿಂದ ನಾನು ವರದಿಯ ನಮೂನೆಯನ್ನೇ ಬದಲಾಯಿಸಿಕೊಂಡೆ. ಮೊದಲ ಸಾಲಿನಲ್ಲಿ ಜನ ಏನು ಮಾಡಬೇಕು ಎಂಬ ಸಲಹೆ, ಅದರ ಕೆಳಗೆ ಅಂಕಿಗಳು, ಎರಡಕ್ಕೂ ಒಂದೇ ಹಾಳೆ, ಒಂದೇ ಸಹಿ. ಹಾಳೆ ಬೇರೆಯಾದರೆ ಸಲಹೆ ದಾರಿಯಲ್ಲೇ ಉದುರಿಹೋಗುತ್ತದೆ. ಮಾದರಿ ತೆಗೆದ ವೇಳೆ, ಫಲಿತಾಂಶ ಬಂದ ವೇಳೆ, ಕಳಿಸಿದ ವೇಳೆ ಮೂರನ್ನೂ ಬರೆಯುತ್ತಿದ್ದುದರಿಂದ ತಡವಾದದ್ದು ಎಲ್ಲಿ ಎಂಬುದು ಕಾಗದದ ಮೇಲೇ ಕಾಣುತ್ತಿತ್ತು. ಜಿಲ್ಲಾ ಸರ್ವೇಕ್ಷಣಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಪಿಡಿಒ ಮೂವರಿಗೂ ಪ್ರತಿ ಒಟ್ಟಿಗೇ ಹೋಗುತ್ತಿತ್ತು. ಅಲ್ಲಿಂದ ಆಶಾ ಕಾರ್ಯಕರ್ತೆಯರು ಮನೆಮನೆಗೆ ಮುಟ್ಟಿಸುತ್ತಿದ್ದರು. ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು ಕೇಳಿದವರಿಗೆ 48 ಗಂಟೆಯೊಳಗೆ ಕೊಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆ ಹೇಳುತ್ತದೆ. ತಡೆಹಿಡಿಯಲು ಹೇಳುವವರಿಗೆ ಇದನ್ನು ನೆನಪಿಸುವುದು ಅನೇಕ ಸಲ ಉಪಯೋಗಕ್ಕೆ ಬಂದಿದೆ.

ಮರುಪರೀಕ್ಷೆ ಬೇಕೆಂದು ಯಾರೇ ಕೇಳಲಿ, ನಾನು ಒಮ್ಮೆಯೂ ನಿರಾಕರಿಸಿದ್ದಿಲ್ಲ. ಆ ಊರಿನಲ್ಲೂ ಕೊಳವೆಬಾವಿಗೆ ಹೆಚ್ಚಿನ ಪ್ರಮಾಣದ ಕ್ಲೋರಿನ್ ಹಾಕಿ, ಟ್ಯಾಂಕ್ ತೊಳೆಸಿ, ಹೊಸ ಪುಡಿ ತರಿಸಿದ ಮೇಲೆ ಮತ್ತೆ ಮಾದರಿ ತೆಗೆದೆವು. ಸತತ ಮಾದರಿಗಳು ಶುದ್ಧವೆಂದು ಬಂದ ನಂತರವೇ ಫಲಕ ಇಳಿಸಿದೆವು. ಯಾವ ಫಲಿತಾಂಶದ ಆಧಾರದ ಮೇಲೆ ಇಳಿಸಿದೆವು ಎಂಬುದನ್ನು ದಿನಾಂಕ, ಸಹಿ ಸಮೇತ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದೆವು.